ಹೆಂಡತಿಯ ಹಲ್ಲು ಬೆಳ್ಳಗಾದ ವರ್ಷ

ಅದು ೨೦೨೨ನೇ ಇಸವಿ. ಆಗ ನನಗೆ ಐವತ್ತಮೂರು ವರ್ಷ, ನನ್ನ ಹೆಂಡತಿಗೆ ನಲವತ್ತೇಳು. ಆ ವರ್ಷ ಮಗಳ ಮದುವೆಗೆಂದು ನಾವು ಹೆಂಡತಿಯ ಹಲ್ಲುಗಳನ್ನು ದಂತವೈದ್ಯರಲ್ಲಿ ಬಿಳುಪು ಮಾಡಿಸಿದೆವು. ಆ ನೆಪದಲ್ಲಿ ಅವಳ ಎಡಗೆನ್ನೆಯ ಒಳಮೈಯಲ್ಲಿ ಕೊತ್ತಂಬರಿ ಬೀಜದಷ್ಟು ಅಗಲದ ಒಂದು ಮಚ್ಚೆ ಇರುವುದು ಗೊತ್ತಾಯಿತು. ಅದನ್ನು ಸಕಾಲದಲ್ಲಿ ಪರೀಕ್ಷಿಸಿದರೆ ಬಹುಶಃ ಏನೂ ಆಗದು, ಬಿಟ್ಟರೆ ಆಗಬಾರದ್ದು ಆದೀತು ಎಂದು ವೈದ್ಯರು ನಮಗೆ ಸ್ಪಷ್ಟವಾಗಿ ತಿಳಿಸಿದ್ದರು. ನಾನು ಈಗ ಬರೆಯಹೊರಟಿರುವುದು ಆ ಮಚ್ಚೆಯ ವಿಷಯ.

ಮುಂಬಯಿಯ ಒಂದು ಕನ್ನಡ ಮಾಧ್ಯಮದ ಶಾಲೆಯಲ್ಲಿ ನಾನು ಇಪ್ಪತ್ತಾರು ವರ್ಷ ಭಾಷೆ ಕಲಿಸಿದೆ. ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿ ಕನ್ನಡ ವಿಭಾಗ ಮುಚ್ಚಿದ ಮೇಲೆ, ಫೋರ್ಟ್ ಬಡಾವಣೆಯ ಒಂದು ಕಚೇರಿಯಲ್ಲಿ ಕಾಗದಪತ್ರಗಳನ್ನು ಭಾಷಾಂತರಿಸುವ ಕೆಲಸ ಹಿಡಿದೆ. ಬೆಳಿಗ್ಗೆ ಎಂಟೂವರೆಗೆ ದಾದರಿನ ಮನೆ ಬಿಟ್ಟರೆ ಹಿಂದಿರುಗುವುದು ಸಂಜೆ ಏಳಕ್ಕೆ. ನಡುವಿನ ಹತ್ತು ಗಂಟೆಗಳಲ್ಲಿ ನಮ್ಮ ಎರಡು ಕೋಣೆಗಳ ಮನೆಯಲ್ಲಿ ಏನು ನಡೆಯುತ್ತದೆ ಎಂಬುದು ನನಗೆ ತಿಳಿದೇ ಇದೆ ಎಂದುಕೊಂಡಿದ್ದೆ. ಹಲಗೆಯ ಮೇಲೆ ಬರೆಯುತ್ತಿರುವಾಗಲೂ ಬೆನ್ನ ಹಿಂದೆ ಯಾರು ಏನು ಮಾಡುತ್ತಿದ್ದಾರೆಂದು ಹೇಳಬಲ್ಲ ಮಾಸ್ತರನೆಂದು ಮಕ್ಕಳಲ್ಲಿ ನನಗೊಂದು ಹೆಸರಿತ್ತು. ಆ ಹೆಸರನ್ನು ಮಕ್ಕಳಿಗಿಂತ ಹೆಚ್ಚಾಗಿ ನಾನು ನಂಬಿದ್ದೆ.

ನನ್ನ ಹೆಂಡತಿ ವಿಜಯಪುರ ಜಿಲ್ಲೆಯ ವ್ಯಾಪಾರಸ್ಥರ ಮನೆಯವಳು. ಅವಳ ತವರೂರಿನ ಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದನ್ನು ಕುಡಿದು ಬೆಳೆದವರ ಹಲ್ಲಿನ ಮೇಲೆ ಕಂದು ಪಟ್ಟೆಗಳು ಮೂಡುತ್ತವೆ. ಹೆಣ್ಣು ನೋಡಲು ಹೋದ ದಿನ ಅವಳ ಅಕ್ಕತಂಗಿಯರು, ಸೋದರಮಾವ, ಚಹಾ ತಂದಿಟ್ಟ ನೆರೆಮನೆಯಾಕೆ ಎಲ್ಲರೂ ಅಂಥ ಹಲ್ಲುಗಳನ್ನೇ ತೋರಿಸಿ ನಕ್ಕರು. ಆ ಊರಿನಲ್ಲಿ ಅದು ಯಾರ ಗಮನಕ್ಕೂ ಬರುವ ಸಂಗತಿಯಾಗಿರಲಿಲ್ಲ. ಮುಂಬಯಿಗೆ ಬಂದ ಮೇಲೆ ಬಂತು. ಕಟ್ಟಡದ ಹೆಂಗಸರು ಅವಳ ಮುಖಕ್ಕಿಂತ ಮೊದಲು ಬಾಯಿಯನ್ನು ನೋಡುತ್ತಿದ್ದರು. ಅವಳು ನಗು ಬಂದಾಗಲೆಲ್ಲ ಸೆರಗನ್ನು ತುಟಿಗೆ ಅಡ್ಡ ಹಿಡಿಯುವುದನ್ನು ಕಲಿತಳು.

ಆ ಕಡೆಯ ಹೆಂಗಸರಲ್ಲಿ ಇನ್ನೊಂದು ರೂಢಿಯುಂಟು. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕಪ್ಪಗಾಗುವಂತೆ ಹುರಿದು, ಪುಡಿಮಾಡಿ, ಬೆಳಿಗ್ಗೆ ಎದ್ದೊಡನೆ ತೋರುಬೆರಳಿನಿಂದ ಹಲ್ಲಿಗೂ ಒಸಡಿಗೂ ತಿಕ್ಕುತ್ತಾರೆ. ಅದಕ್ಕೆ ಮಶೇರಿ ಎನ್ನುತ್ತಾರೆ. ಹಲ್ಲು ತಿಕ್ಕುವುದು ಹೆಸರಿಗಷ್ಟೇ. ಅದನ್ನು ಬಾಯಲ್ಲಿಟ್ಟುಕೊಂಡು ಅರ್ಧ ತಾಸು ಕಟ್ಟೆಯ ಮೇಲೆ ಕುಳಿತು ಮಾತಾಡುವುದರಲ್ಲಿ ಅದರ ಸುಖವೆಲ್ಲ ಇದೆ. ಮದುವೆಯಾದ ಹೊಸದರಲ್ಲಿ ಒಂದು ಬೆಳಿಗ್ಗೆ ಅವಳ ಬೆರಳ ತುದಿಯ ಕಪ್ಪನ್ನು ಕಂಡು, "ಇದು ಮಾಸ್ತರನ ಮನೆ. ಇಲ್ಲಿ ಇದು ಕೂಡದು" ಎಂದೆ. "ಆತ್ರಿ" ಎಂದಳು. ನಾನು ಒಂದೇ ಸಲ ಹೇಳಿದೆ, ಅವಳು ಒಂದೇ ಸಲಕ್ಕೆ ಒಪ್ಪಿದಳು. ಆ ಮಾತು ಅಲ್ಲಿಗೆ ಮುಗಿಯಿತೆಂದೇ ಇಪ್ಪತ್ತೇಳು ವರ್ಷ ತಿಳಿದಿದ್ದೆ. ಅವಳ ಹಲ್ಲನ್ನು ಯಾರಾದರೂ ದಿಟ್ಟಿಸಿದರೆ ಫ್ಲೋರೈಡಿನ ಪಾಠವನ್ನು ನಾನೇ ಆರಂಭಿಸುತ್ತಿದ್ದೆ. ಅವಳು ಪಕ್ಕದಲ್ಲಿ ಸೆರಗು ಹಿಡಿದು ನಿಂತು, ಪಾಠ ಮುಗಿಯುವವರೆಗೆ ಕೇಳುತ್ತಿದ್ದಳು.

ಆ ವರ್ಷದ ಶ್ರಾವಣದಲ್ಲಿ ಮಗಳ ಮದುವೆ ನಿಶ್ಚಯವಾಯಿತು. ವರನ ಮನೆಯವರು ಧಾರವಾಡದ ಕಡೆಯಿಂದ ಬಂದು ವಿಲೆ ಪಾರ್ಲೆಯಲ್ಲಿ ನೆಲೆಸಿದವರು. ನಿಶ್ಚಿತಾರ್ಥದ ಫೋಟೋಗಳು ಬಂದ ದಿನ ಮಗಳು ಫೋನನ್ನು ತಾಯಿಯ ಮುಂದೆ ಹಿಡಿದು ಒಂದೊಂದಾಗಿ ಸರಿಸಿದಳು.

"ದೇಖೋ ಮಮ್ಮಿ. ಇದ್ರಾಗ ಸೆರಗು. ಇದ್ರಾಗೂ ಸೆರಗು. ಹರ್ ಫೋಟೋ ಮೇ ಸೆರಗು. ಮದುವ್ಯಾಗೂ ಹಿಂಗ ಮಾಡ್ತಿ ಏನು?"

"ನಿನ್ನ ಮದುವ್ಯಾಗ ನನ್ನ ಹಲ್ಲ ಯಾರ ನೋಡ್ತಾರ? ಅಕ್ಷತಾ ಬೀಳೂದು ನಿನ್ನ ತಲೀ ಮ್ಯಾಲ."

"ನಾನು ನೋಡ್ತೀನಿ ನಾ! ನೀ ನಗೂದು ನಂಗ ಬೇಕು. ಪ್ಲೀಸ್."

ನಮ್ಮ ಬೀಗತಿ ಅಲ್ಲೇ ಕುಳಿತಿದ್ದರು. ತಮ್ಮ ಓಣಿಯಲ್ಲೇ ಒಬ್ಬ ಹಲ್ಲಿನ ಡಾಕ್ಟರ್ ಇದ್ದಾರೆಂದೂ, ತಾವೂ ಅವರಲ್ಲೇ ಹಲ್ಲು ಬಿಳುಪು ಮಾಡಿಸಿಕೊಂಡದ್ದೆಂದೂ, ಒಂದು ಗಂಟೆಯ ಕೆಲಸವೆಂದೂ ಹೇಳಿದರು. ಬೀಗತಿಯ ಬಾಯಿಂದ ಬಂದ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಹೆಂಡತಿ ನನ್ನ ಕಡೆ ನೋಡಿದಳು. ಸಂಕೋಚವೆಂದು ತಿಳಿದು, "ಹೋಗೋಣ" ಎಂದು ಅವಳ ಪರವಾಗಿ ನಾನೇ ಒಪ್ಪಿದೆ.

ಸೆಪ್ಟೆಂಬರಿನ ಒಂದು ಶನಿವಾರ ವಿಲೆ ಪಾರ್ಲೆಗೆ ಹೋದೆವು. ಡಾಕ್ಟರ್ ಮೂವತ್ತರ ಆಸುಪಾಸಿನ ಮರಾಠಿ ಹೆಣ್ಣುಮಗಳು. ನಮ್ಮೊಡನೆ ಹಿಂದಿಯಲ್ಲಿ ಮಾತಾಡುತ್ತಿದ್ದರು. ಸಣ್ಣ ಸಣ್ಣ ಕೃತಕ ಹಲ್ಲುಗಳನ್ನು ಬಿಳಿಯಿಂದ ಕಂದಿನವರೆಗೆ ಸಾಲಾಗಿ ಜೋಡಿಸಿದ್ದ ಪಟ್ಟಿಯೊಂದನ್ನು ಹೆಂಡತಿಯ ತುಟಿಯ ಬಳಿ ಹಿಡಿದು ಬಣ್ಣ ಹೋಲಿಸಿದರು. ನೀರಿನಿಂದಾದ ಕಲೆ ಪೂರ್ತಿ ಹೋಗುವುದಿಲ್ಲ, ತಿಳಿಯಾಗುತ್ತದೆ ಎಂದರು. ಆಮೇಲೆ ಕನ್ನಡಿ ಹಾಕಿ ಬಾಯಿಯೊಳಗೆ ನೋಡುತ್ತಾ ಕೈ ನಿಲ್ಲಿಸಿದರು.

"ತಂಬಾಕೂ, ಗುಟ್ಖಾ, ಮಶೇರಿ, ಕುಛ್ ಲೇತೀ ಹೈ?"

ಹೆಂಡತಿಯ ಬಾಯಲ್ಲಿ ಕನ್ನಡಿಯಿತ್ತು. ಉತ್ತರ ನಾನು ಕೊಟ್ಟೆ. "ಬಿಲ್ಕುಲ್ ನಹೀ" ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ, ಅವಳ ಊರಿನ ಬಾವಿ, ಅದರ ಆಳ, ನೀರಿನ ಗುಣ, ಅಕ್ಕತಂಗಿಯರ ಹಲ್ಲು ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ. ಡಾಕ್ಟರ್ ಕೇಳಿಸಿಕೊಂಡು, "ಹಲ್ಲಿನ ಹಿಂಬದಿಯ ಕಪ್ಪು ಕಲೆ ನೀರಿನದಲ್ಲವೇನೋ ಅನ್ನಿಸುತ್ತದೆ" ಎಂದರು. ಕನ್ನಡಿ ತೆಗೆದು ನೇರವಾಗಿ ಹೆಂಡತಿಯನ್ನೇ ಕೇಳಿದರು: "ಅಮ್ಮಾ, ನೀವು ಹೇಳಿ."

ಅವಳು ನನ್ನತ್ತ ನೋಡಿ, "ಅವರು ಹೇಳಿದಂಗ" ಎಂದಳು. ಅದನ್ನು ಡಾಕ್ಟರಿಗೆ ಹಿಂದಿಯಲ್ಲಿ ಹೇಳಿದವನೂ ನಾನೇ.

ಡಾಕ್ಟರ್ ಆಗ ಎಡಗೆನ್ನೆಯ ಒಳಗಿದ್ದ ಬಿಳಿ ಮಚ್ಚೆಯನ್ನು ನನಗೆ ತೋರಿಸಿದರು. ಅದರ ಪಕ್ಕದ ದವಡೆಹಲ್ಲಿನ ಅಂಚು ಮುರಿದು ಚೂಪಾಗಿತ್ತು. "ಈ ಅಂಚು ಉಜ್ಜಿ ಆಗಿರಬಹುದು. ಈಗ ಅಂಚನ್ನು ನುಣುಪು ಮಾಡುತ್ತೇನೆ, ಎರಡು ವಾರ ಬಿಟ್ಟು ನೋಡೋಣ. ಕಡಿಮೆಯಾದರೆ ಸರಿ. ಆಗದಿದ್ದರೆ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಅಲ್ಲಿಯವರೆಗೆ ಬಿಳುಪು ಮಾಡುವುದು ಬೇಡ" ಎಂದರು. ಇಷ್ಟು ಎಚ್ಚರಿಕೆಯ ವೈದ್ಯರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹಿಂದಿರುಗುವಾಗ ಲೋಕಲ್ ರೈಲಿನಲ್ಲಿ ಹೆಂಡತಿಗೆ, "ಹುಡುಗಿ ಜಾಣೆ, ಆದರೆ ನಮ್ಮ ಕಡೆಯ ನೀರಿನ ವಿಷಯ ಓದಿಲ್ಲ" ಎಂದೆ. ಅವಳು ಕಿಟಕಿಯ ಕಡೆ ಮುಖ ಮಾಡಿದ್ದಳು.

ಆ ಎರಡು ವಾರ ಅವಳು ಮಶೇರಿಯನ್ನು ಮುಟ್ಟಲಿಲ್ಲವಂತೆ. ಇದು ನನಗೆ ಮುಂದೆ ತಿಳಿದ ಸಂಗತಿ. ಆ ದಿನಗಳಲ್ಲಿ ಅವಳು ಪಾತ್ರೆಗಳನ್ನು ಕುಕ್ಕುತ್ತಿದ್ದುದು, ಹಾಲು ಉಕ್ಕಲು ಬಿಟ್ಟು ನಿಂತಿರುತ್ತಿದ್ದುದು, ಮಗಳ ಮೇಲೆ ಕಾರಣವಿಲ್ಲದೆ ರೇಗಿದ್ದು ನನಗೆ ನೆನಪಿದೆ. ಮದುವೆಯ ಗಡಿಬಿಡಿಯೆಂದು ತಿಳಿದಿದ್ದೆ.

ಎರಡನೆಯ ಸಲ ಹೋದಾಗ ಮಚ್ಚೆ ಮಸುಕಾಗಿತ್ತು. ಪೂರ್ತಿ ಹೋಗಿರಲಿಲ್ಲ. ಡಾಕ್ಟರ್ ಅದರ ಫೋಟೋ ತೆಗೆದಿಟ್ಟುಕೊಂಡರು. ಬಿಳುಪು ಮಾಡಲು ಒಪ್ಪಿದರು, ಆದರೆ ಮದುವೆ ಮುಗಿದೊಡನೆ ಜನವರಿಯಲ್ಲಿ ತಪ್ಪದೆ ಬಂದು ಮತ್ತೆ ತೋರಿಸಬೇಕು, ಅಷ್ಟರಲ್ಲಿ ಅದು ಮಾಯವಾಗದಿದ್ದರೆ ಪರೀಕ್ಷೆ ಮಾಡಿಸಲೇಬೇಕು ಎಂದು ನನ್ನಿಂದ ಮಾತು ತೆಗೆದುಕೊಂಡರು. ನಾನು ದಿನಚರಿಯಲ್ಲಿ ಬರೆದುಕೊಂಡೆ, ಕೆಳಗೆ ಎರಡು ಗೆರೆ ಎಳೆದೆ.

ಬಿಳುಪು ಮಾಡಿದ್ದು ನವೆಂಬರಿನ ಮೊದಲ ವಾರ. ತುಟಿಗಳನ್ನು ಹಿಗ್ಗಿಸಿ ಹಿಡಿಯುವ ಪ್ಲಾಸ್ಟಿಕ್ಕಿನ ಚೌಕಟ್ಟೊಂದನ್ನು ಅವಳ ಬಾಯಿಗೆ ಸಿಕ್ಕಿಸಿದರು. ಒಸಡುಗಳ ಉದ್ದಕ್ಕೂ ಒಂದು ಲೇಪ ಹಚ್ಚಿ, ಅದನ್ನು ನೀಲಿ ಬೆಳಕು ಹಾಯಿಸಿ ಗಟ್ಟಿಮಾಡಿದರು; ಔಷಧ ಒಸಡನ್ನು ಸುಡದಿರಲೆಂದು ಅದು. ಆಮೇಲೆ ಹಲ್ಲುಗಳಿಗೆ ಬಿಳಿಯ ಅಂಟುಮದ್ದು ಬಳಿದು ಕಾಲು ಗಂಟೆ ಬಿಟ್ಟರು, ಒರೆಸಿದರು, ಮತ್ತೆ ಬಳಿದರು. ಹೀಗೆ ಮೂರು ಸಲ. ನಾನು ಮೂಲೆಯ ಸ್ಟೂಲಿನ ಮೇಲೆ ಕುಳಿತು ನೋಡುತ್ತಿದ್ದೆ. ಅವಳ ಹಲ್ಲುಗಳನ್ನು, ಎಲ್ಲವನ್ನೂ ಒಟ್ಟಿಗೆ, ಸೆರಗಿಲ್ಲದೆ ನಾನು ಅಷ್ಟು ಹೊತ್ತು ಕಂಡದ್ದು ಅದೇ ಮೊದಲು. ಎರಡನೆಯ ಸಲ ಮದ್ದು ಬಳಿದಾಗ ಅವಳ ಪಾದಗಳು ಒಂದನ್ನೊಂದು ಒತ್ತಿಕೊಳ್ಳತೊಡಗಿದವು. ಝುಮ್ಮೆನ್ನುತ್ತದೆಯೇ ಎಂದು ಡಾಕ್ಟರ್ ಕೇಳಿದರು. ಅವಳು ತಲೆಯಾಡಿಸಿ, ಮುಂದುವರಿಸಿ ಎಂದು ಕೈ ಮಾಡಿದಳು.

ಚೌಕಟ್ಟು ತೆಗೆದ ಮೇಲೆ ದವಡೆಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು ಮೊದಲು ಆಡಿದ ಮಾತು ಇದು: "ಎತ್ತಿಗೆ ಲಾಳ ಹೊಡಿಯೂ ಮುಂದ ಹಿಂಗ ಕೆಡವಿ ಹಿಡೀತಾರ್ರಿ."

ಡಾಕ್ಟರಿಗೆ ಭಾಷೆ ತಿಳಿಯದಿದ್ದರೂ ನಗು ಬಂತು. ಎರಡು ದಿನ ಬಣ್ಣವಿರುವ ಏನನ್ನೂ ತಿನ್ನುವಂತಿಲ್ಲ ಎಂದರು: ಚಹಾ ಬೇಡ, ಖಾರದ ಚಟ್ನಿ ಬೇಡ, ಅರಿಶಿಣ ಹಾಕಿದ್ದು ಬೇಡವೇ ಬೇಡ. ಮೊಸರನ್ನ, ಹಾಲು, ಬಾಳೆಹಣ್ಣು ತಿನ್ನಬಹುದು.

"ಮದುವಿ ಮನ್ಯಾಗ ಅರಿಶಿಣ ಮುಟ್ಟಬ್ಯಾಡ ಅಂತಾಳ ನೋಡ್ರಿ ಡಾಕ್ಟರಬಾಯಿ!"

"ಮೈಗೆ ಹಚ್ಚಿಕೊಳ್ಳಬಹುದು. ಬಾಯಿಗೆ ಹಾಕಬಾರದು" ಎಂದೆ.

"ಹಂಗಾರ ಎರಡ ದಿನ ಅಡಗೀ ನೀವ ಮಾಡ್ರಿ. ನಾ ಹೊಸಾ ಸೊಸೀ ಹಂಗ ಹಾಲ ಕುಡಕೋತ ಕುಂಡ್ರತೀನಿ."

ಡಾಕ್ಟರ್ ಕನ್ನಡಿ ಕೊಟ್ಟರು. ಅವಳು ಮೊದಲು ತುಟಿ ಮುಚ್ಚಿಕೊಂಡು ನೋಡಿದಳು. ಆಮೇಲೆ ಸ್ವಲ್ಪ ತೆರೆದಳು. ಕಂದು ಪಟ್ಟೆಗಳ ಜಾಗದಲ್ಲಿ ಕೆನೆಯಂಥ ಬಣ್ಣ ಬಂದಿತ್ತು. ಅಲ್ಲಲ್ಲಿ ಸುಣ್ಣದ ಚುಕ್ಕೆಗಳಂತೆ ಉಳಿದಿತ್ತು. "ಯಾರದ ಬಾಯಿ ಇದು?" ಎಂದಳು. ಆಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ. ಎಡಗೈ ಸೆರಗಿನವರೆಗೆ ಹೋಗಿ, ಅಲ್ಲೇ ನಿಂತಿತು.

ಡಿಸೆಂಬರಿನಲ್ಲಿ ಮದುವೆಯಾಯಿತು. ಅವಳು ನಕ್ಕಳು, ಎಲ್ಲರೆದುರಿಗೆ ನಕ್ಕಳು, ಬೀಗರ ಮೇಲೆ ಹಾಡು ಕಟ್ಟಿ ಹೆಂಗಸರೊಡನೆ ಹಾಡಿ ನಕ್ಕಳು. ಅವಳಿಗೆ ಅಷ್ಟು ದೊಡ್ಡ ದನಿ ಇದೆಯೆಂದು ನಮ್ಮ ಕಟ್ಟಡದವರಿಗೆ ಗೊತ್ತಿರಲಿಲ್ಲ. ನನಗಾದರೂ ಗೊತ್ತಿತ್ತೆಂದು ಹೇಳಲಾರೆ.

ಜನವರಿಯಲ್ಲಿ ದಿನಚರಿಯ ಪುಟ ಬಂತು. ಕಚೇರಿಯಲ್ಲಿ ಕೆಲಸ ಹೆಚ್ಚಿದ್ದುದರಿಂದ ಒಬ್ಬಳೇ ಹೋಗಿಬರಲು ಹೇಳಿದೆ. ಹೇಗೂ ಮಗಳ ಮನೆ ಅದೇ ಓಣಿಯಲ್ಲಿ. ಸಂಜೆ ಮನೆಗೆ ಬಂದು, "ಏನಂದರು?" ಎಂದು ಕೇಳಿದೆ. "ಏನೂ ಇಲ್ಲಂತ್ರಿ. ಎಲ್ಲಾ ಹೋಗೇತಂತ" ಎಂದಳು. ಬೆಳ್ಳಗಿನ ಹಲ್ಲುಗಳನ್ನು ತೋರಿಸಿ ನಕ್ಕಳು. ನಾನು ದಿನಚರಿಯಲ್ಲಿ ಆ ಸಾಲಿನ ಮುಂದೆ ಸರಿಯೆಂಬ ಗುರುತು ಹಾಕಿದೆ.

ಆ ಗುರುತು ಈಗಲೂ ಹಾಗೇ ಇದೆ. ಸಾವಿರಾರು ಉತ್ತರಪತ್ರಿಕೆಗಳ ಮೇಲೆ ಅಂಥ ಗುರುತು ಹಾಕಿದವನು ನಾನು. ಒಂದನ್ನೂ ಓದದೆ ಹಾಕಿರಲಿಲ್ಲ. ಅವಳ ಬಾಯಿ ತೆರೆಸಿ, ಕಿಟಕಿಯ ಬೆಳಕಿಗೆ ತಿರುಗಿಸಿ, ಅರ್ಧ ನಿಮಿಷ ನೋಡಿದ್ದರೆ ಸಾಕಾಗುತ್ತಿತ್ತು. ಮಚ್ಚೆ ಎಲ್ಲಿದೆಯೆಂದು ಡಾಕ್ಟರ್ ನನಗೆ ತೋರಿಸಿಕೊಟ್ಟಿದ್ದರು.

ಬೇಸಿಗೆ ಕಳೆಯಿತು. ಅವಳು ರೊಟ್ಟಿಯ ಜೊತೆ ಕೆಂಪು ಚಟ್ನಿ ಹಚ್ಚಿಕೊಳ್ಳುವುದನ್ನು ಬಿಟ್ಟಳು. ಆಮೇಲೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸತೊಡಗಿದಳು. ಬಿಳುಪು ಮಾಡಿಸಿದ್ದರಿಂದ ಹಲ್ಲು ಸೂಕ್ಷ್ಮವಾಗಿವೆ ಎಂದಳು, ನಂಬಿದೆ. ೨೦೨೩ರ ಜುಲೈಯಲ್ಲಿ ಊಟದ ನಡುವೆ ತಟ್ಟನೆ ಕೆನ್ನೆ ಹಿಡಿದುಕೊಂಡು ಎದ್ದುಹೋದಳು. ಬಚ್ಚಲಲ್ಲಿ ಉಗುಳಿದ್ದು ಕೆಂಪಾಗಿತ್ತು. ಮರುದಿನ ಕಚೇರಿಯಿಂದಲೇ ಡಾಕ್ಟರಿಗೆ ಫೋನ್ ಮಾಡಿ, ಜನವರಿಯಲ್ಲಿ ನೋಡಿದಾಗ ಮಚ್ಚೆ ಹೇಗಿತ್ತೆಂದು ಕೇಳಿದೆ.

"ಜನವರಿಯಲ್ಲಿ ಅವರು ಬರಲೇ ಇಲ್ಲವಲ್ಲ" ಎಂದರು. "ನಾವು ಮೂರು ಸಲ ಫೋನ್ ಮಾಡಿದೆವು. ಬೇರೆ ಕಡೆ ತೋರಿಸಿದ್ದೇವೆ ಅಂದರು."

ಅಂದು ಅರ್ಧ ದಿನದ ರಜೆ ಹಾಕಿ ಮನೆಗೆ ಹೋಗಿ, ಅವಳನ್ನು ಕರೆದುಕೊಂಡು ವಿಲೆ ಪಾರ್ಲೆಗೆ ಹೋದೆ. ಡಾಕ್ಟರ್ ದೀಪ ಹತ್ತಿಸಿ ನೋಡಿದರು. ಮಚ್ಚೆಯಿದ್ದಲ್ಲಿ ಈಗ ಹುಣ್ಣಿತ್ತು, ಅಂಚು ದಪ್ಪಗಾಗಿತ್ತು. ಅವರು ಕೈಗವಸು ತೆಗೆದು, ಕುರ್ಚಿಯನ್ನು ಅವಳ ಎದುರಿಗೆ ಎಳೆದುಕೊಂಡು ಕುಳಿತು, ಹಿಂದೆ ಕೇಳಿದ್ದ ಪ್ರಶ್ನೆಯನ್ನೇ ಕೇಳಿದರು.

ನಾನು ಬಾಯಿ ತೆರೆದೆ. ಹೆಂಡತಿ ಕೈಯೆತ್ತಿ ನನ್ನನ್ನು ತಡೆದಳು. "ನಾ ಹೇಳ್ತೀನ್ರಿ." ಅವಳ ಹಿಂದಿ ತರಕಾರಿಯವರೊಡನೆ ಕಲಿತ ಹಿಂದಿ, ಅದರಲ್ಲೇ ಹೇಳಿದಳು. ಹನ್ನೊಂದನೆಯ ವಯಸ್ಸಿನಲ್ಲಿ ಹಲ್ಲುನೋವೆಂದು ಅತ್ತಾಗ ಅಜ್ಜಿ ಮಶೇರಿ ಹಚ್ಚಿದ್ದು. ಅಂದಿನಿಂದ ದಿನಾ. ದಿನಕ್ಕೆ ಮೂರು ಸಲ, ಒಮ್ಮೊಮ್ಮೆ ನಾಲ್ಕು. ನಡುವೆ ಬಿಟ್ಟದ್ದು ಆ ಎರಡು ವಾರ ಮಾತ್ರ.

"ಬಿಳುಪು ಮಾಡಿದ ಮೇಲೆ?" ಎಂದರು ಡಾಕ್ಟರ್.

ಅಂದು ಸಂಜೆಯೇ ತಿಕ್ಕಿದೆ ಎಂದಳು. ಹಲ್ಲು ಝುಮ್ಮೆನ್ನುತ್ತಿದ್ದವು, ಝುಮ್ಮೆಂದರೆ ಅವಳ ಮನೆಯ ಹೆಂಗಸರಿಗೆ ಗೊತ್ತಿದ್ದ ಔಷಧ ಅದೊಂದೇ. ಹಲ್ಲಿನ ಬಣ್ಣ ಕೆಡದಿರಲೆಂದು ಮುಂದಿನ ಹಲ್ಲುಗಳಿಗೆ ಸೋಕಿಸದೆ, ಎಡಗೆನ್ನೆಯೊಳಗೆ ಒತ್ತಿಟ್ಟುಕೊಳ್ಳುವುದನ್ನು ರೂಢಿ ಮಾಡಿಕೊಂಡಳಂತೆ. ಮಗಳ ಫೋಟೋಗಳಿಗಾಗಿ ಬಿಳುಪಾದ ಹಲ್ಲುಗಳನ್ನು ಅವಳು ಅಷ್ಟು ಜೋಪಾನವಾಗಿ ಕಾಪಾಡಿಕೊಂಡಿದ್ದಳು.

ಡಾಕ್ಟರ್ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು.

ವಿಲೆ ಪಾರ್ಲೆ ಸ್ಟೇಶನ್ನಿನಲ್ಲಿ ಎರಡು ಲೋಕಲುಗಳನ್ನು ಹತ್ತದೆ ಬಿಟ್ಟು ಬೆಂಚಿನ ಮೇಲೆ ಕುಳಿತೆವು.

"ಇಷ್ಟು ವರ್ಷ. ಒಂದು ದಿನವಾದರೂ ನನಗೆ ಹೇಳಬಹುದಿತ್ತಲ್ಲ" ಎಂದೆ.

"ನೀವು ಕೇಳಿದ್ರೇನು?"

"ಕೇಳದಿದ್ದರೇನು, ಹೇಳಬಾರದೇ?"

"ನೀವು ಕೇಳಲಿಲ್ರಿ, ಹೇಳಿದ್ರಿ. ಮದುವ್ಯಾದ ವರ್ಷ ನನಗ ಹೇಳಿದ್ರಿ. ಆಮ್ಯಾಲ ಬಂದಬಂದವರಿಗೆಲ್ಲಾ ನಮ್ಮೂರ ನೀರಿನ ಸುದ್ದಿ ಹೇಳಿದ್ರಿ. ಕಡೀಕ ಡಾಕ್ಟರಬಾಯಿಗೂ ನೀವ ಹೇಳಿದ್ರಿ. ನಡುವ ನಾ ಎಲ್ಲಿ ಬಾಯಿ ಹಾಕಲಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಪ್ಪಿಹೋದ ಗಾಡಿಯ ವೇಳೆಯನ್ನು ಹೇಳುವಂತೆ ಹೇಳಿದಳು.

"ಜನವರಿಯಲ್ಲಾದರೂ ಹೋಗಬಹುದಿತ್ತು" ಎಂದೆ.

"ಹೋಗಿದ್ದೆ. ಬಾಗಲತನಕ ಹೋಗಿದ್ದೆ. ಒಳಗ ನಮ್ಮ ಬೀಗತಿ ಕುಂತಿದ್ರು. ಅವರ ಮುಂದ ಡಾಕ್ಟರಬಾಯಿ ಮತ್ತ ಅದನ್ನ ಕೇಳಿದ್ರ? ಹುಡುಗಿ ಗಂಡನ ಮನಿಗೆ ಹೋಗಿ ತಿಂಗಳಾಗಿರಲಿಲ್ಲ. ಅವರವ್ವ ತಂಬಾಕ ತಿಕ್ಕತಾಳ ಅಂದ್ರ ಆಕೀಗೆ ಹೆಂಗನಸ್ತಿತ್ತು? ಮತ್ತ ನಿಮ್ಮ ಮಾತು ಸುಳ್ಳ ಆಕ್ಕಿತ್ತು. ತಿರುಗಿ ಬಂದೆ."

ಮೂರನೆಯ ಲೋಕಲ್ ಬಂತು. ಹತ್ತಿದೆವು.

ಆಮೇಲೆ ಅವಳು ಒಂದೊಂದಾಗಿ ಎಲ್ಲವನ್ನೂ ಹೇಳಿದಳು. ಮಶೇರಿಯ ಪುಡಿಯನ್ನು ದಾದರಿನ ಹೂವಿನ ಸಾಲಿನಲ್ಲಿ ಕುಳಿತುಕೊಳ್ಳುವ ಸೊಲ್ಲಾಪುರದ ಕಡೆಯ ಒಬ್ಬ ಮುದುಕಿಯಿಂದ ತರುತ್ತಿದ್ದಳು. ಬೆಳಿಗ್ಗೆ ನಾನು ಎಂಟೂವರೆಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಬಚ್ಚಲ ಕಟ್ಟೆಯ ಮೇಲೆ ಕುಳಿತು ತಿಕ್ಕುತ್ತಿದ್ದಳು. ಬೆರಳಿನ ಕಪ್ಪು ಕಾಣದಿರಲೆಂದು ಹುಣಸೆಹಣ್ಣಿನಿಂದ ತೊಳೆದುಕೊಳ್ಳುತ್ತಿದ್ದಳು. ರಜೆಯ ದಿನ ನಾನು ಮನೆಯಲ್ಲಿದ್ದರೆ ಕಟ್ಟಡದ ಮೇಲಿನ ಗಚ್ಚಿಗೆ ಬಟ್ಟೆ ಒಣಗಿಸಲು ಹೋಗುತ್ತಿದ್ದಳು. ಶಾಲೆ ಮುಚ್ಚಿ, ಹೊಸ ಕೆಲಸ ಸಿಗುವ ಮುನ್ನ ನಾನು ಏಳು ತಿಂಗಳು ಮನೆಯಲ್ಲಿದ್ದೆನಲ್ಲ, ಆಗ ಬಹಳ ಕಷ್ಟವಾಯಿತೆಂದಳು. ಆ ಏಳು ತಿಂಗಳು ಅವಳು ನನ್ನ ಸಲುವಾಗಿ ಕೊರಗುತ್ತಿದ್ದಾಳೆಂದು ನಾನು ತಿಳಿದಿದ್ದೆ. ಅವಳಿಗೆ ಗೆಳತಿಯರಿಲ್ಲದ್ದೂ ಇದರಿಂದಲೇ. ತವರಿನಲ್ಲಿ ಆರು ಜನ ಹೆಂಗಸರು ಒಟ್ಟಿಗೆ ಕುಳಿತು ಅನುಭವಿಸುತ್ತಿದ್ದ ಸುಖವನ್ನು ಇಲ್ಲಿ ಒಬ್ಬಳೇ, ಚಿಲಕ ಹಾಕಿಕೊಂಡು, ನೀರು ಬಿಟ್ಟ ಸದ್ದಿನ ಮರೆಯಲ್ಲಿ ಮುಗಿಸುತ್ತಿದ್ದಳು.

ಪರೀಕ್ಷೆಯ ವರದಿ ಬಂತು, ಕ್ಯಾನ್ಸರ್. ಸೆಪ್ಟೆಂಬರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಎಡಗೆನ್ನೆಯ ಒಳಭಾಗವನ್ನೂ ಕೆಳದವಡೆಯ ಎಡಬದಿಯನ್ನೂ ತೆಗೆದರು; ಅದರೊಡನೆ ಹಲ್ಲುಗಳೂ ಹೋದವು. ಆಸ್ಪತ್ರೆಯ ಕಾರಿಡಾರಿನಲ್ಲಿ ಮಗಳು ಗೋಡೆಗೆ ಹಣೆ ಒತ್ತಿ ನಿಂತಿದ್ದಳು.

"ಪಪ್ಪಾ, ಮೈನೇ ಹೀ ಬೋಲಾ ಥಾ. ಹಲ್ಲ ಮಾಡಿಸ್ಕೊ ಅಂತ ನಾನ ಜೀವಾ ತಿಂದೆ. ಅದರಿಂದನ ಆತು."

ಹಾಗಲ್ಲವೆಂದು ಅವಳಿಗೆ ವಿವರಿಸಿದೆ. ಹಲ್ಲು ಬಿಳುಪು ಮಾಡಿಸಿದ್ದರಿಂದ ರೋಗ ಬರಲಿಲ್ಲ. ಅದಕ್ಕಾಗಿ ಹೋದದ್ದರಿಂದಲೇ ಮಚ್ಚೆ ಹತ್ತು ತಿಂಗಳು ಮೊದಲು ಕಣ್ಣಿಗೆ ಬಿತ್ತು. ನೀನು ಹಟ ಹಿಡಿಯದಿದ್ದರೆ ಯಾರೂ ಅದನ್ನು ನೋಡುತ್ತಲೇ ಇರಲಿಲ್ಲ. ನೀನು ಅಮ್ಮನಿಗೆ ಹತ್ತು ತಿಂಗಳು ತಂದುಕೊಟ್ಟೆ. ಅವನ್ನು ಕಳೆದದ್ದು ನಾನು. ಮಗಳು ಅಳುತ್ತಾ ಕೇಳಿದಳು. ಅವಳು ಪೂರ್ತಿ ನಂಬಿದಳೋ ಇಲ್ಲವೋ ನನಗೆ ತಿಳಿಯದು. ಅದು ನಿಜವೆಂಬುದು ಮಾತ್ರ ತಿಳಿದಿದೆ.

೨೦೨೪ರ ಮಾರ್ಚಿನಲ್ಲಿ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಏಪ್ರಿಲಿನ ಕೊನೆಯಲ್ಲಿ, ಇನ್ನು ನೋವಾಗದಂತೆ ನೋಡಿಕೊಳ್ಳುವುದಷ್ಟೇ ಉಳಿದಿದೆ ಎಂದು ವೈದ್ಯರು ಹೇಳಿದರು. ನಾನು ಕೆಲಸ ಬಿಟ್ಟು ಮನೆಯಲ್ಲಿ ಉಳಿದೆ. ಮಿಕ್ಸರಿನಲ್ಲಿ ಅನ್ನ, ತೊವ್ವೆ ನುಣ್ಣಗೆ ಅರೆದು, ಸೋಸಿ, ಅವಳ ಮೂಗಿಗೆ ಹಾಕಿದ್ದ ನಳಿಕೆಯಲ್ಲಿ ಹಾಕುವುದನ್ನು ಕಲಿತೆ. ಅವಳ ಮಾತು ಅಸ್ಪಷ್ಟವಾಗಿತ್ತು. ಹತ್ತಿರ ಕುಳಿತು, ತುಟಿ ನೋಡಿ, ತಿಳಿಯದಿದ್ದರೆ ಮತ್ತೆ ಕೇಳುತ್ತಿದ್ದೆ. ಅವಳು ಮುಗಿಸುವವರೆಗೆ ಕಾಯುತ್ತಿದ್ದೆ.

ಮೇ ತಿಂಗಳ ಒಂದು ಬೆಳಿಗ್ಗೆ ಅವಳು ಮಶೇರಿ ಬೇಕೆಂದಳು. ಎರಡು ಸಲ ಕೇಳಿ ಖಚಿತಪಡಿಸಿಕೊಂಡೆ. ಮನೆಗೆ ಬಂದು ನೋಡಿಹೋಗುತ್ತಿದ್ದ ನರ್ಸ್ ಡಾಕ್ಟರಿಗೆ ಫೋನ್ ಮಾಡಿ ಕೇಳಿ, "ಇನ್ನು ಅದರಿಂದ ಆಗುವುದೇನೂ ಇಲ್ಲವಂತೆ. ಅವರ ಮನಸ್ಸಿಗೆ ಬಂದಂತೆ ಮಾಡಿ" ಎಂದರು. ದಾದರಿನ ಮಾರ್ಕೆಟಿನಲ್ಲಿ ಹೂವಿನ ಸಾಲಿನ ಮುದುಕಿ ಸಿಗಲಿಲ್ಲ. ತಂಬಾಕಿನ ಎಲೆಯನ್ನೇ ಕೊಂಡುತಂದು ರೊಟ್ಟಿಯ ಹಂಚಿನ ಮೇಲೆ ಹಾಕಿದೆ. ಹೊಗೆ ಮನೆಯೆಲ್ಲ ತುಂಬಿತು. ಎದುರು ಮನೆಯಾಕೆ ಮೂಗು ಮುಚ್ಚಿಕೊಂಡು ಬಾಗಿಲಿಗೆ ಬಂದು, "ಮಾಸ್ತರ್, ಏನು ಹತ್ತಿಕೊಂತು?" ಎಂದರು. "ಏನೂ ಇಲ್ಲ, ಇವಳಿಗೆ ಮಶೇರಿ ಹುರಿಯುತ್ತಿದ್ದೇನೆ" ಎಂದೆ. ಅವರು ಮಂಚದ ಕಡೆ ನೋಡಿ ಹೋದರು.

ಮೊದಲ ಸಲದ್ದು ಬೂದಿಯಾಯಿತು. ಹೆಂಡತಿ ಮಂಚದಿಂದಲೇ ಕೈಯಾಡಿಸಿ ಅದನ್ನು ಚೆಲ್ಲಲು ಹೇಳಿದಳು. "ಉರಿ ಸಣ್ಣ ಮಾಡ್ರಿ" ಎಂದದ್ದು ಅವಳು ಮೂರನೆಯ ಸಲ ಹೇಳಿದಾಗ ನನಗೆ ತಿಳಿಯಿತು. ಎರಡನೆಯ ಸಲ ಹುರಿಯುವಾಗ ಎಲೆಯನ್ನು ಅವಳು ಕೈ ತೋರಿಸಿದಾಗ ಮಗುಚಿದೆ, ಕೈ ತೋರಿಸಿದಾಗ ಇಳಿಸಿದೆ. ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಚಿಟಿಕೆಯಷ್ಟನ್ನು ಅವಳ ಅಂಗೈ ಮೇಲಿಟ್ಟೆ. ಬಾಯಿ ಒಂದು ಬೆರಳು ಹೋಗುವಷ್ಟೂ ತೆರೆಯುತ್ತಿರಲಿಲ್ಲ. ಅವಳು ಅದನ್ನು ಮೂಸಿದಳು, ಬಹಳ ಹೊತ್ತು ಮೂಸಿದಳು. ಆಮೇಲೆ ಸ್ಪಷ್ಟವಾಗಿಯೇ ಕೇಳುವಂತೆ, "ಛಲೋ ಆಗೇತಿ" ಎಂದಳು. ಹೊಗೆಯಿಂದ ಇಬ್ಬರ ಕಣ್ಣಲ್ಲೂ ನೀರಿತ್ತು. ಅಂದು ಮಧ್ಯಾಹ್ನ ನಾನು ಪಕ್ಕದಲ್ಲಿ ಕುಳಿತಿದ್ದಂತೆ, ಅವಳು ತವರಿನ ಕಟ್ಟೆಯ ಮೇಲೆ ಯಾರು ಯಾರು ಎಲ್ಲೆಲ್ಲಿ ಕೂಡುತ್ತಿದ್ದರೆಂದು ಹೇಳಿದಳು. ಅರ್ಧದಷ್ಟು ನನಗೆ ತಿಳಿಯಿತು. ಕೆಲವು ಹೆಸರುಗಳನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ.

ಜೂನಿನ ಆರಂಭದಿಂದ ಅವಳು ಹೆಚ್ಚು ಹೊತ್ತು ನಿದ್ರೆಯಲ್ಲೇ ಇರುತ್ತಿದ್ದಳು. ಮಗಳು ಬಂದು ನಮ್ಮೊಡನೆ ಉಳಿದಳು. ಬೀಗತಿಯೂ ದಿನ ಬಿಟ್ಟು ದಿನ ಬಂದು, ಅವಳ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿರುತ್ತಿದ್ದರು. ಜನವರಿಯ ಆ ದಿನದ ಸಂಗತಿ ಅವರಿಗೆ ಮಗಳಿಂದ ತಿಳಿದಿತ್ತು. "ಒಂದ ಮಾತ ಕರೆದಿದ್ರ ನಾನ ಕೈ ಹಿಡಕೊಂಡ ಒಳಗ ಕರಕೊಂಡ ಹೋಗತಿದ್ದೆ. ನಮ್ಮವ್ವನೂ ತಿಕ್ಕತಿದ್ದಳಲ್ಲ" ಎಂದು ಒಂದು ಸಲ ನನ್ನೆದುರು ಹೇಳಿ, ಅಡುಗೆಮನೆಗೆ ಹೋಗಿ ನಿಂತರು.

ಎರಡು ವಾರಗಳಲ್ಲಿ ತಿಳಿಯಬೇಕಾಗಿದ್ದ ಆ ಮಚ್ಚೆಯ ವಿಷಯ ಇಪ್ಪತ್ತೊಂದು ತಿಂಗಳು ನಡೆಯಿತು. ಅದು ಇತ್ಯರ್ಥವಾದದ್ದು ೨೦೨೪ರ ಜೂನ್ ಹನ್ನೊಂದನೆಯ ತಾರೀಖು, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ.